ಹದಿನಾರು ಐತವಾರದ ವ್ರತ



ಯಾದಗಿರಿ, ಶಹಾಪುರ, ಸುರಪುರ ಸೇರಿದ ನಮ್ಮ ಸಗರನಾಡಿನಲ್ಲಿ ಬಿಸಿಲು ಮನೆಯ ಯಜಮಾನ. ಚಳಿ ನೆಂಟ. ಈ ನೆಂಟ ದೀಪಾವಳಿಯ ಹಿಂದೆಮುಂದೆ ಬರುತ್ತಾನೆ. ನಾಲ್ಕು ತಿಂಗಳು ಇರುತ್ತಾನೆ. ಶಿವರಾತ್ರಿಗೆ ಶಿವಶಿವಾ ಎಂದು ಎದ್ದು ಹೋಗುತ್ತಾನೆ. ಆಮೇಲೆ ಯಜಮಾನನದೇ ದರ್ಬಾರು. ಮೇ ತಿಂಗಳಿಗೆ 42 ಡಿಗ್ರಿ, 43 ಡಿಗ್ರಿ. ಮಧ್ಯಾಹ್ನ ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ನಾಯಿ ಕೂಡ ಅಡ್ಡಾಡುವುದಿಲ್ಲ.

ದೀಪಾವಳಿಯಿಂದ ಶಿವರಾತ್ರಿಯವರೆಗೆ ಎಷ್ಟು ಐತವಾರ ಬರುತ್ತವೆ? ಕ್ಯಾಲೆಂಡರ್ ಹಿಡಿದು ಎಣಿಸಿದೆ. 16. ಕೆಲವು ವರ್ಷ 17. ಹದಿನಾರು ಸೋಮವಾರದ ವ್ರತ ನಿಮಗೆಲ್ಲ ಗೊತ್ತು. ನಮ್ಮದು ಹದಿನಾರು ಐತವಾರದ ವ್ರತ. ಇದಕ್ಕೆ ಐನೋರು ಬೇಡ, ದಕ್ಷಿಣೆ ಬೇಡ. ನಸುಕಿನಲ್ಲಿ ಏಳಬೇಕು. ಬುತ್ತಿ ಕಟ್ಟಿಕೊಳ್ಳಬೇಕು. ನಾಲ್ಕು ಜನ ಕೂಡಬೇಕು. ಊರು ದಾಟಿ ನಡೆಯಬೇಕು. ಮಧ್ಯಾಹ್ನದ ಹೊತ್ತಿಗೆ ಮನೆ ಸೇರಬೇಕು. ಇಷ್ಟೇ ವ್ರತ. ಇವತ್ತಿನ ನನ್ನ ಮಾತೂ ಇಷ್ಟರ ಸುತ್ತಲೇ.

ನಾವು ಶುರು ಮಾಡಿದಾಗ ಐದು ಜನ. ಒಬ್ಬರು ನಿವೃತ್ತ ಮಾಸ್ತರರು. ಒಬ್ಬರು ಬ್ಯಾಂಕಿನವರು. ಒಬ್ಬ ಬಟ್ಟೆ ಹೊಲಿಯುವ ಟೇಲರ್. ಅವನ ಕಾಲೇಜು ಓದುವ ಮಗಳು. ಮತ್ತೆ ನಾನು. ಮೊದಲ ಐತವಾರ ಶಹಾಪುರದ ಗುಡ್ಡದ ಬುಡದಲ್ಲಿ ನಿಂತಿದ್ದೆವು. ಬೆಳಗಿನ ಆರೂವರೆ. ಬಾಯಿ ತೆರೆದರೆ ಹೊಗೆ ಬರುವಂಥ ಚಳಿ. ಒಬ್ಬ ಅಜ್ಜ ಕುರಿ ಬಿಟ್ಟುಕೊಂಡು ಎದುರು ಬಂದ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಬಡಿಗೆ.

"ಎಲ್ಲಿಗಿ ಹೊಂಟೀರ್ರಿ ಸರ?" ಅಂದ.

"ಗುಡ್ಡಕ್ಕ ಹೊಂಟೀವಿ, ಅಜ್ಜ."

"ಗುಡ್ಡದಾಗ ಏನದ?"

"ಏನಿಲ್ಲ. ಸುಮ್ನ ಹೊಂಟೀವಿ."

ಅಜ್ಜ ನಮ್ಮ ಕಾಲಿನಿಂದ ತಲೆಯವರೆಗೆ ನೋಡಿದ. "ಸುಮ್ನ ಯಾರರ ಗುಡ್ಡ ಏರ್ತಾರೇನು? ಕುರಿ ಕಳಕೊಂಡೀರೇನು? ಖರೆ ಹೇಳ್ರಿ, ನಾನೂ ಹುಡುಕ್ತೀನಿ."

ನಾವು ನಕ್ಕೆವು. ಅಜ್ಜ ನಗಲಿಲ್ಲ. ಅವನ ಮಾತು ಅಲ್ಲಿಗೆ ಮುಗಿಯಲಿಲ್ಲ ಎಂದು ನಮಗೆ ಆಗ ಗೊತ್ತಿರಲಿಲ್ಲ. ಆ ಅಜ್ಜನನ್ನು ನೆನಪಿಟ್ಟುಕೊಳ್ಳಿ. ಕೊನೆಗೆ ಮತ್ತೆ ಸಿಗುತ್ತಾನೆ.

ಇಲ್ಲಿಯವರೆಗೆ ಹೇಳಿದ್ದು ಒಂದು ಮಾತು. ಚಳಿಗೆ 16 ಐತವಾರ, ಅವು ನಡೆಯುವುದಕ್ಕೆ. ಈಗ ಎರಡನೆಯ ಮಾತು. ಹೀಗೆ ಸುಮ್ಮನೆ ನಡೆಯುವ ಹುಚ್ಚು ನಮಗೊಬ್ಬರಿಗೇ ಹಿಡಿದದ್ದೇ?

ಅಲ್ಲ. ದೂರದ ಸ್ಪೇನ್ ದೇಶವನ್ನು ನೋಡಿ. ಅದರ ದಕ್ಷಿಣ ಭಾಗಕ್ಕೆ ಆಂದಲೂಸಿಯಾ ಎಂದು ಹೆಸರು. ಅಲ್ಲಿಯೂ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಬಾಗಿಲು ಕಿಟಕಿ ಹಾಕಿ ಮಲಗುತ್ತಾರೆ, ನಮ್ಮ ಹಾಗೆಯೇ. ಹೀಗಾಗಿ ಅವರಿಗೂ ನಡೆಯುವ ಕಾಲ ಎಂದರೆ ತಂಪು ಹೊತ್ತಿನ ತಿಂಗಳುಗಳು. ಊರೂರಿನಲ್ಲಿ ನಡಿಗೆಯ ಗುಂಪುಗಳಿವೆ. ವಾರಕ್ಕೊಂದು ದಿನ ಸೇರುತ್ತಾರೆ. ಆಲಿವ್ ತೋಟದ ನಡುವಿನ ಹಾದಿ ಹಿಡಿಯುತ್ತಾರೆ. ನಮ್ಮಲ್ಲಿ ತೊಗರಿ ರಾಶಿ ಮಾಡುವ ಹೊತ್ತಿಗೆ ಅಲ್ಲಿ ಆಲಿವ್ ಕಾಯಿ ಉದುರಿಸುತ್ತಿರುತ್ತಾರೆ.

ಅವರ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಹಾದಿಯ ಕಲ್ಲಿಗೆ, ಮರಕ್ಕೆ ಬಣ್ಣದ ಎರಡು ಗೆರೆ ಬಳಿದಿರುತ್ತಾರೆ. ಬಿಳಿ ಮತ್ತು ಕೆಂಪು ಇದ್ದರೆ ಅದು ಉದ್ದನೆಯ ಹಾದಿ, 50 ಕಿಲೋಮೀಟರಿಗೂ ಹೆಚ್ಚು. ಬಿಳಿ ಮತ್ತು ಹಳದಿ ಇದ್ದರೆ ಅದಕ್ಕಿಂತ ಸಣ್ಣದು. ಅಕ್ಷರ ಬಾರದವನಿಗೂ ದಾರಿ ತಪ್ಪುವುದಿಲ್ಲ. ಅದೇ ದೇಶದ ಬಾರ್ಸಿಲೋನಾದಲ್ಲಿ 1876ರಷ್ಟು ಹಿಂದೆಯೇ ನಡಿಗೆಯ ಸಂಘ ಹುಟ್ಟಿತು. ಆ ಜನ ಬರೀ ಗುಡ್ಡ ಹತ್ತಲಿಲ್ಲ. ಹೋದ ಹಳ್ಳಿಯ ಹಾಡು ಬರೆದುಕೊಂಡರು, ಹಾಳುಬಿದ್ದ ಗುಡಿಗಳ ಲೆಕ್ಕ ಇಟ್ಟರು, ಗುಡ್ಡ ಹಳ್ಳಗಳ ಹೆಸರು ಕೇಳಿಕೊಂಡರು. ಕಾಲು ನಡೆದಷ್ಟು ನಾಡು ಅವರ ಕೈಗೆ ಸಿಕ್ಕಿತು.

ಸರಿ. ಚಳಿಗಾಲದಲ್ಲಿ ಗುಂಪು ಕಟ್ಟಿ ನಡೆಯುವುದು ಹೊರಗಿನ ದೇಶದಲ್ಲಿದೆ ಎಂದಾಯಿತು. ಹಾಗಾದರೆ ನಾವು ಅವರನ್ನು ನೋಡಿ ಕಲಿಯಬೇಕೇ? ಇದು ಮೂರನೆಯ ಮಾತು. ಇದಕ್ಕೆ ನಮ್ಮ ಅವ್ವಂದಿರೇ ಉತ್ತರ ಕೊಡುತ್ತಾರೆ.

ಎಳ್ಳ ಅಮಾವಾಸ್ಯೆ ನೆನಪು ಮಾಡಿಕೊಳ್ಳಿ. ಡಿಸೆಂಬರ್ ಕೊನೆಗೋ ಜನವರಿಯಲ್ಲೋ ಬರುತ್ತದೆ. ಅವತ್ತು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಹಿಂದಿನ ರಾತ್ರಿಯೇ ಮನೆಯಲ್ಲಿ ಗದ್ದಲ. ಸಜ್ಜಿ ರೊಟ್ಟಿ ಬಡಿಯುವ ಸಪ್ಪಳ. ಎಳ್ಳು ಹಚ್ಚಿದ ರೊಟ್ಟಿಯ ವಾಸನೆ. ಕಡುಬು, ಶೇಂಗಾ ಹೋಳಿಗೆ. ನಾಲ್ಕಾರು ತರಹದ ಹಸಿ ಕಾಳು, ಸೊಪ್ಪು ಎಲ್ಲ ಕೂಡಿಸಿ ಕುದಿಸಿದ ಭಜ್ಜಿ. ಬೆಳಗಾದರೆ ಬುಟ್ಟಿ ತಲೆಯ ಮೇಲೆ. ಮಕ್ಕಳು ಮುಂದೆ, ಮುದುಕರು ಹಿಂದೆ. ಹೊಲದಲ್ಲಿ ಐದು ಕಲ್ಲು ಇಟ್ಟು ಪೂಜೆ. ಆಮೇಲೆ ಬೆಳೆಯ ಸುತ್ತ ನಡೆಯುತ್ತ ಚರಗ ಚೆಲ್ಲುವುದು. ಭೂಮಿತಾಯಿಗೆ ಉಣಿಸಿದ ಮೇಲೆ ತಮ್ಮ ಊಟ. ದಾರಿಯಲ್ಲಿ ಹೋಗುವವರನ್ನೂ ಕರೆದು ಕೂರಿಸುತ್ತಾರೆ. ಗುರುತು ಪರಿಚಯ ಕೇಳುವವರಿಲ್ಲ.

ಇದು ಚಳಿಗಾಲದ ಗುಂಪು ನಡಿಗೆ ಅಲ್ಲದೆ ಮತ್ತೇನು? ಹೊಲದ ಬದುವೇ ಹಾದಿ. ಭಜ್ಜಿಯೇ ಬುತ್ತಿ.

ಇಷ್ಟೇ ಅಲ್ಲ. ಸಂಕ್ರಾಂತಿಗೆ ಯಾದಗಿರಿ ತಾಲ್ಲೂಕಿನ ಮೈಲಾಪುರದ ಮಲ್ಲಯ್ಯನ ಜಾತ್ರೆ. ಗುಡ್ಡದ ಗವಿಯಲ್ಲಿ ಕೂತ ದೇವರು. ಭಂಡಾರದಲ್ಲಿ ಹಳದಿಯಾದ ಜನ ಹಿಂಡು ಹಿಂಡಾಗಿ ನಡೆದು ಬರುತ್ತಾರೆ. ಅದೇ ಹಬ್ಬಕ್ಕೆ ಶಹಾಪುರದ ಕಡೆಯ ಜೋಡು ಪಲ್ಲಕ್ಕಿಗಳು ಭೀಮಾ ನದಿಗೆ ಸ್ನಾನಕ್ಕೆ ಹೋಗಿ ಬರುತ್ತವೆ. ಫೆಬ್ರವರಿಯಲ್ಲಿ ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆ. ಹಿಂದೂಗಳೂ ಮುಸಲ್ಮಾನರೂ ಒಂದೇ ಭಕ್ತಿಯಿಂದ ನಡೆದುಕೊಳ್ಳುವ ಜಾಗ ಅದು. ನೋಡಿ, "ನಡೆದುಕೊಳ್ಳುವುದು" ಅಂದೆ. ನಮ್ಮ ಕಡೆ ದೇವರಿಗೆ ನಡೆದುಕೊಳ್ಳುತ್ತಾರೆ. ಮಾತಿನಲ್ಲೇ ಕಾಲು ಇದೆ.

ಅಂದರೆ ನಡಿಗೆ ನಮಗೆ ಹೊಸದಲ್ಲ. ವರ್ಷಕ್ಕೊಮ್ಮೆ ಮಾಡುವುದನ್ನು ವಾರಕ್ಕೊಮ್ಮೆ ಮಾಡೋಣ ಎನ್ನುವುದಷ್ಟೇ ನನ್ನ ಮಾತು. ಎಲ್ಲಿಗೆ ಹೋಗುವುದು? ಇನ್ನು ಮೂರೂ ಊರುಗಳನ್ನು ಒಂದೊಂದಾಗಿ ಸುತ್ತೋಣ. ಯಾದಗಿರಿಯಿಂದ ಶಹಾಪುರ ಸುಮಾರು 35 ಕಿಲೋಮೀಟರ್. ಶಹಾಪುರದಿಂದ ಸುರಪುರ ಸುಮಾರು 25. ಊರಿನಿಂದ ಊರಿಗೆ ಬಸ್ಸು. ಊರಿನ ಹೊರಗೆ ಕಾಲು.

ಮೊದಲು ಯಾದಗಿರಿ. ಇದು ಚಳಿಗಾಲದಲ್ಲೇ ಹುಟ್ಟಿದ ಜಿಲ್ಲೆ. 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರೆಯಾಯಿತು. ಊರಿನ ನೆತ್ತಿಯ ಮೇಲೆಯೇ ಕೋಟೆಯ ಗುಡ್ಡ. ಹೊಸದಾಗಿ ನಡೆಯುವವರು ಇಲ್ಲಿಂದ ಶುರು ಮಾಡಬೇಕು. ದೂರ ಕಡಿಮೆ, ಏರು ಮಾತ್ರ ಚುರುಕು.

ಕಣ್ಣು ಮುಚ್ಚಿ ಕೇಳಿ. ಕೆಳಗೆ ಮಾರ್ಕೆಟ್ಟಿನ ಓಣಿ. ಇಡ್ಲಿ ಬಂಡಿಯ ಹೊಗೆ. ಹತ್ತು ನಿಮಿಷ ಹತ್ತಿದರೆ ಆಟೋದ ಸದ್ದು ತೆಳ್ಳಗಾಗುತ್ತದೆ. ಇನ್ನಷ್ಟು ಹತ್ತಿದರೆ ಕಲ್ಲಿನ ಬಾಗಿಲು. ಒಳಗೆ ಇನ್ನೊಂದು ಗೋಡೆ, ಅದರೊಳಗೆ ಮತ್ತೊಂದು. ಸುತ್ತಿನೊಳಗೆ ಸುತ್ತು. ದೊಡ್ಡ ಬಂಡೆ ಸಿಕ್ಕಲ್ಲಿ ಕಟ್ಟಿದವರು ಅದನ್ನು ಒಡೆದಿಲ್ಲ, ಗೋಡೆಯಾಗಿ ಉಪಯೋಗಿಸಿಕೊಂಡಿದ್ದಾರೆ. ಚಾಲುಕ್ಯರು, ಯಾದವರು, ಬಹಮನಿಗಳು, ವಿಜಯಪುರದ ಆದಿಲ್‌ಶಾಹಿಗಳು ಒಬ್ಬರಾದ ಮೇಲೊಬ್ಬರು ಈ ನಾಡನ್ನು ಆಳಿದರು. ಗುಡಿಯೂ ಇದೆ, ಮಸೀದಿಯೂ ಇದೆ. ಬಂಡೆಯ ಮೇಲೆ ಮಲಗಿದ ತೋಪುಗಳಿವೆ. ಮಳೆ ನೀರು ನಿಲ್ಲುವ ಹೊಂಡಗಳಿವೆ. ನವೆಂಬರಿನಲ್ಲಿ ಹೋದರೆ ಹೊಂಡದಲ್ಲಿ ಇನ್ನೂ ನೀರಿರುತ್ತದೆ.

ತುದಿಗೆ ಹೋಗಿ ಕೂತರೆ ಒಂದು ಕಡೆ ಭೀಮಾ ನದಿ. ಇನ್ನೊಂದು ಕಡೆ ಮುಂಬೈ ಚೆನ್ನೈ ರೈಲು ಮಾರ್ಗ, ಸುಮಾರು 150 ವರ್ಷದ್ದು. ಗೂಡ್ಸ್ ಗಾಡಿ ಹೋಗುವುದು ಕಾಣುತ್ತದೆ. ಅದರ ಸದ್ದು ಸ್ವಲ್ಪ ತಡವಾಗಿ ಬರುತ್ತದೆ. ನಮ್ಮ ಬ್ಯಾಂಕಿನವರು ಈ ಊರಿನಲ್ಲಿ 20 ವರ್ಷ ಇದ್ದವರು. ದಿನಾ ಕೋಟೆಯ ಕೆಳಗೇ ಓಡಾಡಿದವರು. ಅವತ್ತು ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತ ಹೇಳಿದರು: "ನಮ್ಮ ಮನಿ ಇಷ್ಟು ಹೊಳಿ ಸಮೀಪ ಅದ ಅಂತ ಇವತ್ತ ಗೊತ್ತಾತು ನೋಡ್ರಿ."

ಯಾದಗಿರಿಯಲ್ಲಿ ಮೇಲೆ ಹತ್ತಿ ಊರನ್ನು ನೋಡಿದೆವು. ಶಹಾಪುರದಲ್ಲಿ ಇದು ಉಲ್ಟಾ. ಅಲ್ಲಿ ದೂರ ನಿಂತು ಗುಡ್ಡವನ್ನು ನೋಡಬೇಕು, ಆಮೇಲೆ ಹತ್ತಿರ ಹೋಗಬೇಕು.

ಮಲಗಿದ ಬುದ್ಧನ ಹೆಸರು ನೀವು ಕೇಳಿದ್ದೀರಿ. ಊರಿನಿಂದ ತುಸು ದೂರ ರಸ್ತೆಯಲ್ಲಿ ನಿಂತರೆ ಸಾಲು ಗುಡ್ಡಗಳು ಒಬ್ಬ ಮನುಷ್ಯನ ಆಕಾರ ತಾಳುತ್ತವೆ. ಅಂಗಾತ ಮಲಗಿದ್ದಾನೆ. ಹಣೆ, ಮೂಗು, ತುಟಿ, ಗದ್ದ. ಆಮೇಲೆ ಎದೆ. ಉದ್ದಕ್ಕೆ ಚಾಚಿದ ಕಾಲು. ಯಾರೂ ಕೆತ್ತಿದ್ದಲ್ಲ. ಈ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಗಾಳಿ, ಮಳೆ, ಬಿಸಿಲು ಮೂರೂ ಸೇರಿ ತಿದ್ದಿದ ಮುಖ ಅದು.

ಬಸ್ಸಿನಲ್ಲಿ ಹೋಗುವವರಿಗೆ ಬುದ್ಧ ಒಂದೆರಡು ನಿಮಿಷ ಕಾಣಿಸಿ ಮಾಯವಾಗುತ್ತಾನೆ. ಕಿಟಕಿಯ ಹತ್ತಿರ ಕೂತವರು ಫೋಟೋ ಹೊಡೆಯುತ್ತಾರೆ. ನಡೆಯುವವರಿಗೆ ಆಗುವುದೇ ಬೇರೆ. ನಾವು ತೊಗರಿ ಹೊಲಗಳ ನಡುವೆ ಅವನ ಕಡೆಗೇ ನಡೆದೆವು. ಅರ್ಧ ಗಂಟೆಗೆ ಮೂಗು ಗದ್ದದಿಂದ ಬೇರೆಯಾಯಿತು. ಒಂದು ಗಂಟೆಗೆ ಎದೆಯೇ ಬೇರೆ ಗುಡ್ಡ, ತಲೆಯೇ ಬೇರೆ ಗುಡ್ಡ. ನಡುವೆ ಕಂದಕ. ಕಂದಕದಲ್ಲಿ ಮೇಯುವ ಆಡು. ಬುಡಕ್ಕೆ ಹೋಗಿ ನಿಂತಾಗ ಬುದ್ಧ ಎಲ್ಲೂ ಇಲ್ಲ. ಬರೀ ಕಲ್ಲು, ಸೀತಾಫಲದ ಗಿಡ, ಒಣಹುಲ್ಲು. ಟೇಲರನ ಮಗಳು ಬಂಡೆಗೆ ಕೈ ಹಚ್ಚಿ ಕೇಳಿದಳು: "ಈಗ ನಾವು ಬುದ್ಧನ ಎಲ್ಲಿ ಅದೀವಿ, ಸರ? ಮೊಣಕಾಲಿನ್ಯಾಗೋ, ಎದಿ ಮ್ಯಾಗೋ?" ಯಾರಿಗೂ ಹೇಳಲಿಕ್ಕೆ ಆಗಲಿಲ್ಲ. ವಾಪಸು ಬರುವಾಗ ರಸ್ತೆಯಲ್ಲಿ ನಿಂತು ತಿರುಗಿ ನೋಡಿದೆವು. ಅವನು ಮತ್ತೆ ಕೂಡಿಕೊಂಡು ಮಲಗಿದ್ದ.

ಶಹಾಪುರದಲ್ಲಿ ಇನ್ನೊಂದು ಐತವಾರ ವಿಭೂತಿಹಳ್ಳಿಗೆ ಇಡಿ. ಊರಿಗೆ ಹತ್ತಿರ, ಏರು ಇಲ್ಲವೇ ಇಲ್ಲ. ಮಕ್ಕಳು ಮುದುಕರು ಎಲ್ಲರೂ ಬರಬಹುದು. ಬಯಲಿನಲ್ಲಿ ದುಂಡನೆಯ ದೊಡ್ಡ ಕಲ್ಲುಗಳು. ಮೊದಲ ನೋಟಕ್ಕೆ ಚೆಲ್ಲಾಪಿಲ್ಲಿ ಬಿದ್ದಂತೆ ಅನಿಸುತ್ತದೆ. ನಡೆಯುತ್ತ ಹೋದರೆ ಗೊತ್ತಾಗುತ್ತದೆ: ಒಂದರ ನೇರಕ್ಕೆ ಒಂದು, ಸಾಲು ಸಾಲು. ಅಡ್ಡ ನೋಡಿದರೂ ಸಾಲು, ಓರೆಯಾಗಿ ನೋಡಿದರೂ ಸಾಲು. ಇತಿಹಾಸಪೂರ್ವ ಕಾಲದ ಜನ ಇಟ್ಟ ಕಲ್ಲುಗಳಿವು. ನಮ್ಮ ದೇಶದ ಖಗೋಳ ವಿಜ್ಞಾನಿಗಳು ಇಲ್ಲಿಗೆ ಬಂದು ಅಳತೆ ಮಾಡಿದ್ದಾರೆ. ಸೂರ್ಯ ಹುಟ್ಟುವ, ಮುಳುಗುವ ದಿಕ್ಕು ಹಿಡಿದು ಕಾಲ ಎಣಿಸಲು ಈ ಸಾಲು ಹೂಡಿರಬಹುದು ಎಂಬುದು ಅವರ ಅಭಿಪ್ರಾಯ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಹುಟ್ಟುತ್ತಾನೆ. ವಾರ ವಾರ ಬೆಳಗ್ಗೆ ಹೊರಗೆ ನಡೆಯುವವರಿಗೆ ಅದು ತಾನಾಗಿಯೇ ತಿಳಿಯುತ್ತದೆ. ಡಿಸೆಂಬರಿನಲ್ಲಿ ಒಂದು ಮರದ ಹಿಂದೆ ಹುಟ್ಟಿದವನು ಫೆಬ್ರವರಿಗೆ ಆ ಮರ ಬಿಟ್ಟು ಎಡಕ್ಕೆ ಸರಿದಿರುತ್ತಾನೆ.

ಯಾದಗಿರಿಯ ಕೋಟೆ ಆಯಿತು. ಶಹಾಪುರದ ಬುದ್ಧ, ವಿಭೂತಿಹಳ್ಳಿಯ ಕಲ್ಲು ಆದವು. ಈಗ ಸುರಪುರ.

ಸುರಪುರ ಗುಡ್ಡಗಳ ಮಡಿಲಲ್ಲಿ ಕೂತ ಊರು. ಹಿಂದೆ ಈ ಭಾಗವನ್ನು ಆಳಿದ ಬೇಡ ನಾಯಕರ ರಾಜಧಾನಿ. ಆದರೆ ಅವರ ಮೊದಲಿನ ರಾಜಧಾನಿ ಹತ್ತಿರದ ವಾಗಣಗೇರಾ. ಒಂದು ಐತವಾರ ಅಲ್ಲಿಯ ಕೋಟೆಗೆ ಮೀಸಲು. 1705ರಲ್ಲಿ ದಿಲ್ಲಿಯ ಔರಂಗಜೇಬ ತಾನೇ ದಂಡು ಕಟ್ಟಿಕೊಂಡು ಇದರ ಮೇಲೆ ಬಂದ. ಆಗ ಅವನಿಗೆ 85 ದಾಟಿತ್ತು. ಎದುರಿಗೆ ಪಿಡ್ಡ ನಾಯಕ ಮತ್ತು ಬೇಡರ ಪಡೆ. ಸುಮಾರು ಮೂರು ತಿಂಗಳು ಮುತ್ತಿಗೆ. ಕೊನೆಗೆ ನಾಯಕ ಒಂದು ರಾತ್ರಿ ಕೋಟೆ ಬಿಟ್ಟು ಹೊರಟುಹೋದ. ಬಾದಶಹನ ಕೈಗೆ ಸಿಕ್ಕಿದ್ದು ಬರಿದಾದ ಕೋಟೆ. ಅದೇ ಅವನ ಕೊನೆಯ ಯುದ್ಧ. ಈ ಕಥೆಯನ್ನು ಮನೆಯಲ್ಲಿ ಓದುವುದು ಒಂದು. ಆ ಗುಡ್ಡದ ಮೇಲೆ ನಿಂತು ಓದುವುದು ಇನ್ನೊಂದು. ಕಲ್ಲಿನ ಸಂದುಗೊಂದುಗಳನ್ನು ನೋಡಿದರೆ ನಾಯಕ ಕತ್ತಲಲ್ಲಿ ಹೇಗೆ ತಪ್ಪಿಸಿಕೊಂಡಿರಬಹುದು ಎಂದು ಯಾರೂ ವಿವರಿಸಬೇಕಿಲ್ಲ.

ಊರಿನ ಗುಡ್ಡದ ಮೇಲೆ ಒಂದು ಹಳೆಯ ಬಂಗಲೆ ಇದೆ. ಹೆಸರು ಟೇಲರ್ ಮಂಜಿಲ್. ನಮ್ಮ ಜೊತೆಯ ಟೇಲರ್ ಬೋರ್ಡು ಓದಿ ಎದೆಯುಬ್ಬಿಸಿ ಹೇಳಿದ: "ನೋಡ್ರಿ, ನಮ್ಮ ಮಂದೀದು!" ಅದು ಕರ್ನಲ್ ಮೆಡೋಸ್ ಟೇಲರ್ ಕಟ್ಟಿಸಿದ್ದು. 1841ರಿಂದ 1853ರವರೆಗೆ ಇಲ್ಲಿದ್ದ ಇಂಗ್ಲಿಷ್ ಅಧಿಕಾರಿ ಅವನು. ಬಾಲಕ ರಾಜ ವೆಂಕಟಪ್ಪ ನಾಯಕನನ್ನು ನೋಡಿಕೊಂಡವನು. ಅದೇ ರಾಜ ಮುಂದೆ 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ, ಎಳೆಯ ವಯಸ್ಸಿನಲ್ಲೇ ಪ್ರಾಣ ಕಳೆದುಕೊಂಡ. ಟೇಲರ್ ಸುರಪುರ ಸಂಸ್ಥಾನದ ಊರೂರು ಸುತ್ತಿದವನು. ರಾಜನಕೋಳೂರಿನ ಕಲ್ಲಿನ ಮನೆಗಳಂಥ ಪುರಾತನ ಸಮಾಧಿಗಳನ್ನು ಗುರುತಿಸಿ, ಅಳೆದು, ಚಿತ್ರ ಬರೆದು 1850ರ ದಶಕದಲ್ಲೇ ಲೋಕಕ್ಕೆ ತಿಳಿಸಿದ.

ಅವನು ಪ್ರೀತಿಸಿದ ಇನ್ನೊಂದು ಜಾಗ ಬೋನಾಳ ಕೆರೆ. ನಾಯಕರು ಕಟ್ಟಿಸಿದ ಕೆರೆ ಅದು. ಟೇಲರ್ ಕಾಲದಲ್ಲಿ ದುರಸ್ತಿ ಕಂಡಿತು. ಇವತ್ತು ಪಕ್ಷಿಧಾಮ. ಸುರಪುರದಿಂದ ಸುಮಾರು 10 ಕಿಲೋಮೀಟರ್. ಅಲ್ಲಿ ನಮ್ಮ ಹಾಗೆಯೇ ಚಳಿಗಾಲದ ವ್ರತ ಹಿಡಿದವು ಸಿಗುತ್ತವೆ. ಪಟ್ಟೆತಲೆ ಹೆಬ್ಬಾತು ಎಂಬ ಹಕ್ಕಿ. ಬಿಳಿ ತಲೆ, ಹಿಂದೆ ಎರಡು ಕಪ್ಪು ಪಟ್ಟೆ. ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುತ್ತದೆ. ಅದೂ ಗುಂಪಿನಲ್ಲೇ ಬರುತ್ತದೆ. ಬಿಸಿಲು ಏರುವ ಮುಂಚೆ ಹೊರಟುಹೋಗುತ್ತದೆ. ಕೆರೆಯ ಏರಿ ಹತ್ತುವಾಗ ಮಾತು ನಿಲ್ಲಿಸಿ. ಹಕ್ಕಿ ಕಾಣುವ ಮೊದಲು ಕೇಳುತ್ತದೆ.

ಮೂರೂ ಊರುಗಳ ಹತ್ತಿರದ ಹಾದಿ ಹೇಳಿ ಮುಗಿಸಿದೆ. ಇನ್ನು ಒಂದೇ ಒಂದು ಹಾದಿ ಬಾಕಿ. ಎಲ್ಲಕ್ಕಿಂತ ಹಳೆಯದು.

ಸುರಪುರದಿಂದ ಪಶ್ಚಿಮಕ್ಕೆ ಹುಣಸಗಿ. ಅಲ್ಲಿ ಹುಣಸಗಿ ಹಳ್ಳ, ಬೈಚಬಾಳ ಹಳ್ಳ ಎಂದು ಎರಡು ಕಣಿವೆಗಳು. 1960ರ ದಶಕದಿಂದ ಡಾ. ಕೆ. ಪದ್ದಯ್ಯ ಎಂಬ ಪುರಾತತ್ವ ವಿದ್ವಾಂಸರು ಪುಣೆಯ ಡೆಕ್ಕನ್ ಕಾಲೇಜಿನಿಂದ ಈ ಕಡೆ ಬರತೊಡಗಿದರು. ಅವರ ಮುಖ್ಯ ಸಾಧನ ಕಾಲು. ಹೊಲ ಹೊಲ ಸುತ್ತಿದರು. ಹಳ್ಳದ ದಂಡೆ ಹಿಡಿದು ನಡೆದರು. ನೇಗಿಲಿಗೆ ಸಿಕ್ಕು ಮೇಲೆ ಬಂದ ಕಲ್ಲನ್ನು ಎತ್ತಿ ನೋಡಿದರು. ಹೀಗೆ ನಡೆದೇ ಈ ಎರಡು ಕಣಿವೆಗಳಲ್ಲಿ ಹಳೆ ಶಿಲಾಯುಗದ 200ರಷ್ಟು ನೆಲೆಗಳು ಸಿಕ್ಕವು. ಅವುಗಳಲ್ಲಿ ಇಸಾಂಪುರ ಜಗತ್ತಿಗೇ ಗೊತ್ತಾಯಿತು. ಅದು ಕಲ್ಲಿನ ಕೊಡಲಿ ಮಾಡುತ್ತಿದ್ದ ಕಾರ್ಖಾನೆಯಂಥ ಜಾಗ. ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಲೆಕ್ಕ ಹಾಕಿದ್ದಾರೆ.

ಆ ಕಾಲದ ಜನ ಹೇಗೆ ಬದುಕುತ್ತಿದ್ದರು? ಪದ್ದಯ್ಯನವರು ಹೇಳುವುದು ಹೀಗೆ. ಮಳೆಗಾಲದಲ್ಲಿ ಎಲ್ಲೆಲ್ಲೂ ನೀರು. ಆಗ ಸಣ್ಣ ಸಣ್ಣ ಗುಂಪಾಗಿ ಕಣಿವೆಯ ತುಂಬ ಚದುರುತ್ತಿದ್ದರು. ಮಳೆ ನಿಂತು ನೆಲ ಒಣಗಿದ ಮೇಲೆ ಬತ್ತದ ಒರತೆಗಳ ಹತ್ತಿರ ಎಲ್ಲರೂ ಬಂದು ಕೂಡುತ್ತಿದ್ದರು. ಅಂದರೆ ಒಣ ಹವೆಯಲ್ಲಿ ನಡೆದು ಬಂದು ಒಂದು ಕಡೆ ಸೇರುವುದು ಈ ನೆಲದಲ್ಲಿ ಲಕ್ಷಾಂತರ ವರ್ಷದ ರೂಢಿ. ನಮ್ಮ ಮಾಸ್ತರರು ಇದನ್ನು ಕೇಳಿ ಬುತ್ತಿಯ ಗಂಟು ಬಿಚ್ಚುತ್ತ ಅಂದರು: "ಅವರಿಗೆ ಶೇಂಗಾ ಹಿಂಡಿ ಇರಲಿಲ್ಲ. ಅದೊಂದು ಪಾಪ."

ಎಲ್ಲಿಗೆ ನಡೆಯುವುದು ಎಂದು ಇಷ್ಟು ಹೊತ್ತು ಕೇಳಿದಿರಿ. ಈಗ ಹೇಗೆ ನಡೆಯುವುದು ಎಂಬ ಮಾತು. ಪ್ರತಿ ವ್ರತಕ್ಕೂ ನೇಮ ಇರುತ್ತದೆ. ನಮ್ಮದಕ್ಕೆ ಐದು.

ಒಂದನೆಯ ನೇಮ, ಹೊತ್ತು. ಆರಕ್ಕೆ ಹೊರಡಿ. ಹನ್ನೊಂದಕ್ಕೆ ನೆರಳು ಸೇರಿ. ನಮ್ಮ ನೆಂಟ ಚಳಿ ಬೆಳಗ್ಗೆ ಮಾತ್ರ ಮನೆಯಲ್ಲಿರುತ್ತಾನೆ. ಮಧ್ಯಾಹ್ನ ಡಿಸೆಂಬರಿನಲ್ಲೂ 30 ಡಿಗ್ರಿ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಎರಡನೆಯ ವರ್ಷ, ಫೆಬ್ರವರಿಯ ಕೊನೆ. ಚಹಾ, ಹರಟೆ ಎಂದು ಹತ್ತೂವರೆಗೆ ಗುಡ್ಡ ಹತ್ತಿದೆವು. ಒಂಬತ್ತು ಜನಕ್ಕೆ ಎರಡೇ ಬಾಟಲಿ ನೀರು. ಅರ್ಧ ದಾರಿಗೆ ಬಂಡೆ ಕಾವಲಿಯಾಯಿತು. ನನಗೆ ಕಣ್ಣಿಗೆ ಕತ್ತಲೆ ಬಂತು. ನೆರಳಿಲ್ಲದ ಕಡೆ ನಾಲ್ವರು ಟವೆಲ್ ಹಿಡಿದು ನಿಂತು ನೆರಳು ಮಾಡಿದರು. ಅವತ್ತಿನ ಮುಂದಾಳು ನಾನೇ. ತಪ್ಪೂ ನನ್ನದೇ.

ಎರಡನೆಯ ನೇಮ, ನೀರು. ತಲೆಗೆ ಎರಡು ಲೀಟರ್. ಮೇಲೆ ಸಿಗುತ್ತದೆ ಎಂದು ನಂಬಬೇಡಿ.

ಮೂರನೆಯದು, ಕಾಲು. ಹವಾಯಿ ಚಪ್ಪಲಿ ಬೇಡ. ಜಾಲಿ ಮುಳ್ಳು ಅದನ್ನು ತೂರಿ ಪಾದ ಸೇರುತ್ತದೆ. ಬೂಟು ಹಾಕಿ. ಜೇಬಿನಲ್ಲಿ ಚಿಮಟ ಇರಲಿ. ಇನ್ನೊಂದು ಗುಟ್ಟು. ನಸುಕಿನಲ್ಲಿ ಕಡಲೆ ಹೊಲ ಹಾಯಬೇಡಿ. ಕಡಲೆ ಗಿಡದ ಮೇಲಿನ ಇಬ್ಬನಿ ಬರೀ ನೀರಲ್ಲ, ಹುಳಿ. ಬೆರಳಿಗೆ ಹಚ್ಚಿ ನೆಕ್ಕಿದರೆ ಹಲ್ಲು ಚುಳ್ಳೆನ್ನುತ್ತದೆ. ಒಡೆದ ಹಿಮ್ಮಡಿಗೆ ತಾಗಿದರೆ ಉರಿ ಎರಡು ದಿನ ಬಿಡುವುದಿಲ್ಲ. ಹೊಲವೂ ಹಾಳು, ಕಾಲೂ ಹಾಳು. ಬದುವಿನ ಮೇಲೆ ನಡೆಯಿರಿ.

ನಾಲ್ಕನೆಯದು, ಗುಂಪು. ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ ಇರಬೇಕು. ಚುರುಕಿನವರು ಹಿಂದೆ. ಆಗ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಎಳ್ಳ ಅಮಾವಾಸ್ಯೆಯಲ್ಲಿ ಮಾತ್ರ ಮಕ್ಕಳು ಮುಂದೆ ಓಡಲಿ.

ಐದನೆಯದು, ಗುರುತು ಬಿಡಬಾರದು. ಕೋಟೆಯ ಕಲ್ಲಿಗೆ ಹೆಸರು ಕೆತ್ತಬೇಡಿ. ವಿಭೂತಿಹಳ್ಳಿಯ ಕಲ್ಲು ಸರಿಸಬೇಡಿ. ಕುರ್‌ಕುರೆ ಪೊಟ್ಟಣ ಜೇಬಿಗೆ ವಾಪಸು ಬರಲಿ. ಬಂಡೆಯ ಸಂದಿಯಲ್ಲಿ ಹೆಜ್ಜೇನು ಕಂಡರೆ ಸದ್ದಿಲ್ಲದೆ ಹಿಂದೆ ಸರಿಯಿರಿ, ಹೊಗೆ ಮಾಡಬೇಡಿ.

ನೇಮ ಐದೂ ಆದವು. ಹೊತ್ತು, ನೀರು, ಕಾಲು, ಗುಂಪು, ಗುರುತು. ಇವುಗಳ ಜೊತೆಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ.

ನಾವು ಬೂಟು ಹಾಕಿ ಹೊರಡುವ ಹೊತ್ತಿಗೆ ರಸ್ತೆಯಲ್ಲಿ ಟಂಟಂಗಳು ಎದುರಾಗುತ್ತವೆ. ಒಂದೊಂದರಲ್ಲಿ ಹದಿನೈದು ಹೆಣ್ಣುಮಕ್ಕಳು. ತಲೆಗೆ ಸೆರಗು ಬಿಗಿದು, ಮಡಿಲಲ್ಲಿ ರೊಟ್ಟಿ ಗಂಟು ಇಟ್ಟುಕೊಂಡು ಹತ್ತಿ ಬಿಡಿಸಲು ಹೊರಟವರು. ಸಂಜೆಯವರೆಗೆ ಸಾಲಿನಿಂದ ಸಾಲಿಗೆ ಬಗ್ಗಿ ನಡೆಯುತ್ತಾರೆ. ಅವರ ನಡಿಗೆ ನಮ್ಮದಕ್ಕಿಂತ ಉದ್ದ. ಅವರಿಗೆ ಐತವಾರ ಇಲ್ಲ. ನಮ್ಮ ಎಷ್ಟೋ ಮನೆಗಳಿಗೆ ಚಳಿಗಾಲ ಎಂದರೆ ಬೆಂಗಳೂರಿಗೋ ಮುಂಬೈಗೋ ಗುಳೆ ಹೋಗುವ ಕಾಲ. ಹಾಗಾಗಿ ಹೊಲದ ನಡುವೆ ಹೋಗುವಾಗ ನಾವು ಜೋರಾಗಿ ಹಾಡು ಹಚ್ಚುವುದಿಲ್ಲ. ಕೆಲಸದಲ್ಲಿದ್ದವರನ್ನು ಕೇಳದೆ ಫೋಟೋ ತೆಗೆಯುವುದಿಲ್ಲ. ಮಾತಾಡಿಸಿದರೆ ನಿಲ್ಲುತ್ತೇವೆ. ಹೀಗೆ ನಿಂತಾಗಲೇ ಒಬ್ಬ ಅಕ್ಕ ನಮ್ಮನ್ನು ಕರೆದು ಸೀತನಿ ತಿನ್ನಿಸಿದಳು. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ, ಬಿಸಿಬಿಸಿಯಾಗಿ ಕೈಗೆ ಸುರಿದಳು. ದುಡ್ಡು ತೆಗೆದರೆ ಬೈದಳು. "ಹೊಲಕ್ಕ ಬಂದವರ ಹತ್ರ ರೊಕ್ಕ ತಗೋತಾರೇನ್ರಿ?"

ಕೇಳುಗ ಬಂಧುಗಳೇ, ನನಗೆ ಕೊಟ್ಟ ಹೊತ್ತು ಮುಗಿಯುತ್ತ ಬಂತು. ಹೇಳಿದ್ದನ್ನು ಚಿಕ್ಕದಾಗಿ ಕೂಡಿಸುತ್ತೇನೆ. ಚಳಿಗೆ 16 ಐತವಾರ. ಒಂದು ಯಾದಗಿರಿಯ ಕೋಟೆಗೆ. ಎರಡು ಶಹಾಪುರಕ್ಕೆ. ಎರಡು ಸುರಪುರಕ್ಕೆ. ಒಂದು ಹುಣಸಗಿಯ ಕಣಿವೆಗೆ. ಉಳಿದ ಹತ್ತನ್ನು ನಿಮ್ಮ ನಿಮ್ಮ ಊರಿನ ಗುಡ್ಡಕ್ಕೆ, ಹಳ್ಳಕ್ಕೆ, ಕಾಲುವೆ ದಂಡೆಗೆ ಹಂಚಿಕೊಳ್ಳಿ. ನಾವು ಐದು ಜನ ಇದ್ದವರು ಈಗ ಹತ್ತೊಂಬತ್ತು ಆಗಿದ್ದೇವೆ.

ಕಳೆದ ಶಿವರಾತ್ರಿಯ ಹಿಂದಿನ ಐತವಾರ ಮತ್ತೆ ಶಹಾಪುರದ ಗುಡ್ಡಕ್ಕೆ ಹೋಗಿದ್ದೆವು. ಅದೇ ಬುಡ, ಅದೇ ಹೊತ್ತು. ಎದುರಿಗೆ ಅದೇ ಅಜ್ಜ. ಕಂಬಳಿ ಆಗಲೇ ಮಡಿಸಿ ಹೆಗಲಿಗೆ ಹಾಕಿದ್ದ, ಹೊದೆಯುವಷ್ಟು ಚಳಿ ಇರಲಿಲ್ಲ. ನಮ್ಮ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಎಣಿಸಿದ.

"ಮಂದಿ ಹೆಚ್ಚಾಗ್ಯಾರಲ್ಲ," ಅಂದ. "ಕುರಿ ಸಿಕ್ತೇನ್ರಿ?"

ಈ ಸಲ ಟೇಲರನ ಮಗಳು ಉತ್ತರ ಕೊಟ್ಟಳು. "ಇಲ್ಲಜ್ಜ. ದೀಪಾವಳಿ ಆದ ಮ್ಯಾಲ ಮತ್ತ ಬರ್ತೀವಿ."

ಅಜ್ಜ ಕೋಲೂರಿ ನಿಂತು ಗುಡ್ಡದ ಕಡೆ ನೋಡಿದ. "ಬರ್ರಿ, ಬರ್ರಿ," ಅಂದ. "ಬರೂ ವರ್ಷ ಆ ಕಡಿ ದಾರಿ ತೋರಸ್ತೀನಿ. ಅಲ್ಲಿ ಹುಡುಕಿಲ್ಲ ನೀವು."